ಹೂಳು ಆರಿಸಿಕೊಟ್ಟ ದೋಣಿ

ಕೊಪ್ಪಳ ಜಿಲ್ಲೆಯ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಇಪ್ಪತ್ತು ವರ್ಷ ಹರಿಗೋಲಿನಲ್ಲೇ ಬಲೆ ಬಿಟ್ಟವನು ನಾನು. ಬಿದಿರು ಕೊಳೆಯುವುದು, ಮತ್ತೆ ಮತ್ತೆ ಡಾಂಬರು ಬಳಿಯುವುದು ಸಾಕಾಗಿ ಅಲ್ಯೂಮಿನಿಯಂ ದೋಣಿ ಹುಡುಕಲು ಹೊರಟೆ. ನನ್ನ ದುಡ್ಡಿಗೆ ಎಟುಕಿದ್ದು ಎರಡೇ. ಎರಡೂ ಹಳೆಯವು, ಎರಡೂ 14 ಅಡಿ. ಒಂದರದು ಚಪ್ಪಟೆ ತಳ. ಇನ್ನೊಂದರದು ನೇಗಿಲ ಕುಳದಂತೆ ಚೂಪು.

ಮೊದಲು ಮನಸ್ಸು ಹೋದದ್ದು ಚೂಪು ತಳದ ಮೇಲೆ. ಆಷಾಢದ ಗಾಳಿಗೆ ಇಲ್ಲಿ ಏಳುವ ತೆರೆಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಚೂಪು ತಳ ತೆರೆಯನ್ನು ಸೀಳಿಕೊಂಡು ಹೋಗುತ್ತದೆ, ಚಪ್ಪಟೆಯದು ಅದರ ಮೇಲೆ ಬಡಿದುಕೊಳ್ಳುತ್ತದೆ. ಮಾವ ಮಾತ್ರ, “ಎರಡರಲ್ಲೂ ಒಂದೊಂದು ದಿನ ಬಲೆ ಎಳೆದು ನೋಡಪ್ಪ, ಆಮೇಲೆ ದುಡ್ಡು ಕೊಡು” ಎಂದರು.

ಎಳೆದು ನೋಡಿದೆ. ಚೂಪು ತಳದ ದೋಣಿಯಲ್ಲಿ ನಾನೂ ತಮ್ಮನೂ ಒಂದೇ ಬದಿಗೆ ಬಾಗಿದ ಕೂಡಲೇ ಅದೂ ನಮ್ಮೊಡನೆ ಬಾಗಿತು. ಅಷ್ಟು ವಾಲಿದ ಮೇಲೆ ಅಲ್ಲೇ ತಡೆದು ನಿಲ್ಲುತ್ತದೆ, ನಿಜ. ಆದರೆ ಆ ಮಾತನ್ನು ಕಾಲು ನಂಬಬೇಕಲ್ಲ! ಒಬ್ಬ ಎಳೆದರೆ ಇನ್ನೊಬ್ಬ ಆಚೆ ಬದಿಗೆ ಕುಳಿತು ತೂಕ ಕೊಡಬೇಕಾಯಿತು. ಚಪ್ಪಟೆ ತಳದಲ್ಲಿ ಇಬ್ಬರೂ ನಿಂತೇ ಎಳೆದೆವು.

ಆದರೂ ತೀರ್ಮಾನ ಮಾಡಿದ್ದು ಹೂಳು. 133 ಟಿಎಂಸಿ ಅಡಿ ನೀರು ಹಿಡಿಯಲೆಂದು ಕಟ್ಟಿದ ಜಲಾಶಯ ಈಗ ಹಿಡಿಯುವುದು 105 ಚಿಲ್ಲರೆ. ಉಳಿದ ಜಾಗದಲ್ಲಿ ಕೂತಿರುವ ಮಣ್ಣು ಬೇಸಿಗೆಯಲ್ಲಿ ಮುಖ ತೋರಿಸುತ್ತದೆ. ಆಗ ದಡದಿಂದ ಬಹುದೂರದವರೆಗೆ ಮೊಣಕಾಲುದ್ದದ ನೀರು, ಅದರ ಕೆಳಗೆ ಕೆಸರು. ಚಪ್ಪಟೆ ತಳಕ್ಕೆ ಒಂದು ಗೇಣು ನೀರು ಸಾಕು. ಚೂಪು ತಳ ಕೆಸರಿಗೆ ಕಚ್ಚಿಕೊಂಡರೆ ಇಳಿದು ನೂಕಬೇಕು, ನೂಕುವವನ ಕಾಲೂ ಹೂತುಕೊಳ್ಳುತ್ತದೆ. ನನಗೆ ಗಾಳಿಯ ದಿನಗಳಿಗಿಂತ ಕೆಸರಿನ ದಿನಗಳೇ ಹೆಚ್ಚು.

ಕೊಳ್ಳುವ ಮುಂಚೆ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿಟ್ಟು ಒಳಗೆ ಒಂದು ಗೇಣಿನಷ್ಟು ನೀರು ತುಂಬಿದೆವು. ತಮ್ಮ ಸೀಮೆಸುಣ್ಣ ಹಿಡಿದು ಕೆಳಗೆ ನುಸುಳಿದ. ಅರ್ಧ ಗಂಟೆಯಲ್ಲಿ ಹಿಂಬದಿಯ ನಾಲ್ಕು ರಿವೆಟ್‌ಗಳ ಬಳಿ ಹನಿ ಕಟ್ಟಿತು. ಅಲ್ಲೆಲ್ಲ ಗುರುತು ಹಾಕಿದ. ಮಾರುವವನು ಬಾಯಿ ಮುಚ್ಚಿಕೊಂಡು ಬೆಲೆ ಇಳಿಸಿದ.

ಒಂದು ತೊಂದರೆ ಆಮೇಲೆ ಗೊತ್ತಾಯಿತು. ಅಡ್ಡಗಾಳಿ ಬೀಸಿದರೆ ಚಪ್ಪಟೆ ತಳ ನೀರನ್ನು ಹಿಡಿಯುವುದಿಲ್ಲ, ಎಷ್ಟು ಹುಟ್ಟು ಹಾಕಿದರೂ ಪಕ್ಕಕ್ಕೆ ಜಾರುತ್ತದೆ. ತಳದ ನಡುವೆ ಉದ್ದಕ್ಕೂ ಎರಡು ಬೆರಳು ಎತ್ತರದ ಅಲ್ಯೂಮಿನಿಯಂ ಪಟ್ಟಿ ಕೂರಿಸಿದ ಮೇಲೆ ಸರಿಹೋಯಿತು. ಗೇಟು, ಕಿಟಕಿ ಬೆಸೆಯುವ ಮಾಮೂಲಿ ಅಂಗಡಿಯಲ್ಲಿ ಇದು ಆಗುವ ಕೆಲಸವಲ್ಲ. ಆರ್ಗಾನ್ ವೆಲ್ಡಿಂಗ್ ಇರುವವರನ್ನೇ ಹುಡುಕಿಕೊಂಡು ಹೊಸಪೇಟೆಗೆ ಹೋಗಬೇಕಾಯಿತು. ರಿವೆಟ್‌ಗಳ ಸೋರಿಕೆಯನ್ನೂ ಅಲ್ಲೇ ಮುಚ್ಚಿಸಿದೆ.

ಇನ್ನು ಸದ್ದು. ತೆರೆಯ ಮೇಲೆ ಹೋದರೆ ತಮಟೆ ಬಡಿದ ಹಾಗೆ, ಹುಟ್ಟು ಜಾರಿ ಬಿದ್ದರೂ ಊರಿಗೆಲ್ಲ ಕೇಳಿಸುವಷ್ಟು. ಕೊಟ್ಟಿಗೆಯಲ್ಲಿ ಎಮ್ಮೆಗೆ ಹಾಸಿದ್ದ ರಬ್ಬರ್ ಚಾಪೆಯನ್ನು ಕತ್ತರಿಸಿ ದೋಣಿಯೊಳಗೆ ಹಾಸಿದ್ದೇನೆ. ಎಮ್ಮೆಗೆ ಹೊಸದು ತರಬೇಕೆಂದು ಮನೆಯಲ್ಲಿ ಇನ್ನೂ ನೆನಪಿಸುತ್ತಿದ್ದಾರೆ.