ಸುದ್ದಿ ಊರಿಗೆಲ್ಲ ಹೋಗಲಿ, ಹೇಳಿದವರ ಗುರುತು ಹೋಗದಿರಲಿ

ಮೂರು ವರ್ಷದ ಹಿಂದಿನ ಮಾತು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ನನ್ನನ್ನು ಕರೆದು, ರೇಷನ್ ಅಕ್ಕಿ ತೂಕದಲ್ಲಿ ಕಡಿಮೆ ಬರುತ್ತಿದೆ ಅಂದರು. ಕಿರಾಣಿ ಅಂಗಡಿಯಲ್ಲಿ ಚೀಲ ತೂಗಿಸಿಯೂ ತೋರಿಸಿದರು. ಅವರನ್ನು ಮನೆ ಮುಂದೆ ಚೀಲದ ಪಕ್ಕ ನಿಲ್ಲಿಸಿ ಫೋಟೊ ತೆಗೆದೆ. ಮುಖ ಮಸುಕು ಮಾಡಿದೆ, ಹೆಸರು ಬರೆಯಲಿಲ್ಲ, ಫೇಸ್‌ಬುಕ್‌ನಲ್ಲಿ ಹಾಕಿದೆ. ಎಲ್ಲ ಜೋಪಾನವಾಗಿ ಮಾಡಿದ್ದೇನೆ ಅಂತಲೇ ನಂಬಿದ್ದೆ.

ಸಂಜೆ ಆಗುವಷ್ಟರಲ್ಲಿ ಅಂಗಡಿ ಕಡೆಯವರು ಅಜ್ಜಿಯ ಮನೆಗೆ ಬಂದು ಜೋರು ಮಾಡಿ ಹೋಗಿದ್ದರು. ಮರುದಿನ ಹೋದೆ. ಅಜ್ಜಿ ಬೈಯಲಿಲ್ಲ. ಫೋನಿನಲ್ಲಿ ಫೋಟೊ ನೋಡಿ ಇಷ್ಟೇ ಅಂದರು: "ಮಾರಿ ಮುಚ್ಚೀದಿ ತಮ್ಮಾ, ಬಾಗ್ಲಾ ಮುಚ್ಚಿಲ್ಲಲ್ಲಪಾ."

ನೀಲಿ ಬಾಗಿಲು. ಚಿಲಕ ಮುರಿದ ಕಡೆ ಕೆಂಪು ರಿಬ್ಬನ್ ಕಟ್ಟಿತ್ತು. ಆ ಓಣಿಯಲ್ಲಿ ಅಂಥ ಬಾಗಿಲು ಇನ್ನೊಂದಿರಲಿಲ್ಲ.

ಇಂಟರ್‌ನೆಟ್‌ನಲ್ಲಿ ಗುರುತು ಕಾಪಾಡಿಕೊಳ್ಳುವ ಬಗ್ಗೆ ನಾವು ಓದುವ ಸಲಹೆಗಳೆಲ್ಲ ದೊಡ್ಡ ಊರಿನವರಿಗೆ ಬರೆದವು. ಅಲ್ಲಿ ಮುಖ ಮುಚ್ಚಿದರೆ ಮುಗಿಯಿತು, ನೋಡುವವರು ಅಪರಿಚಿತರು. ನಮ್ಮ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಹಾಗಲ್ಲ. ಇಲ್ಲಿ ತೊಂದರೆ ಕೊಡುವವನು ಮುಂದಿನ ಓಣಿಯಲ್ಲೇ ಇರುತ್ತಾನೆ. ಅವನಿಗೆ ಮುಖ ಬೇಕಿಲ್ಲ. ಸೀರೆ ಸಾಕು, ಕಟ್ಟಿದ ಆಡು ಸಾಕು, ಕೆಮ್ಮಿನ ದನಿ ಸಾಕು.

ಹಾಗಂತ ಸುದ್ದಿ ಹಾಕುವುದನ್ನು ಬಿಡಬಾರದು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಅದರ ಕೊನೆ ಭಾಗದ ಹೊಲಕ್ಕೆ ನೀರು ಬಂತಾ ಇಲ್ಲವಾ ಅಂತ ದಿನಾ ಹೋಗಿ ನೋಡುವ ವರದಿಗಾರ ಎಲ್ಲಿದ್ದಾನೆ? ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದು ಎಷ್ಟು ದಿನವಾಯಿತು ಅಂತ ಗೊತ್ತಿರುವುದು ಕೊಡ ಹಿಡಿದು ವಾಪಸ್ ಬಂದವರಿಗೆ. ಆ ಸುದ್ದಿಯನ್ನು ಅವರೇ ಹೇಳಬೇಕು. ಹೇಳುವ ಮುಂಚೆ ಏನೇನು ಮಾಡಿಕೊಳ್ಳಬೇಕು ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಮಾತು, ಆಮೇಲೆ ಫೋನ್

"ಫೋಟೊ ಹಾಕಲಾ?" ಅಂತ ಕೇಳಿದರೆ ಜನ "ಹಾಕಪ್ಪಾ" ಅನ್ನುತ್ತಾರೆ. ಅದು ಒಪ್ಪಿಗೆ ಅಲ್ಲ. ನಿಮ್ಮ ಫೋನಿನಲ್ಲಿ ಹಳೆಯ ಒಂದು ಪೋಸ್ಟ್ ತೆರೆದು ತೋರಿಸಿ. ಇದು ಅಂಗಡಿಯವನಿಗೂ ಕಾಣುತ್ತದೆ, ಪಿಡಿಒಗೂ ಕಾಣುತ್ತದೆ, ಬೆಂಗಳೂರಿಗೆ ಗುಳೆ ಹೋದ ನಿಮ್ಮ ಮಗನಿಗೂ ಕಾಣುತ್ತದೆ ಅಂತ ಹೇಳಿ. ಆಮೇಲೆ ಈ ಒಂದು ಪ್ರಶ್ನೆ ಕೇಳಿ: "ಇದು ಹೊರಗೆ ಬಂದರೆ ನಿಮ್ಮನ್ನು ಯಾರು ಬಂದು ಕೇಳುತ್ತಾರೆ?"

ಏನು ಮುಚ್ಚಬೇಕು ಅನ್ನುವುದು ಆ ಉತ್ತರದಲ್ಲೇ ಇರುತ್ತದೆ. ಕೇಳುವವನು ರೇಷನ್ ಅಂಗಡಿಯವನಾದರೆ ಕಾರ್ಡಿನ ಸಂಖ್ಯೆ, ಬಿಲ್ಲಿನ ಮೇಲಿನ ತಾರೀಖು, ಹೊತ್ತು ಮುಖ್ಯ. ಆ ಹೊತ್ತಿಗೆ ಹೆಬ್ಬೆಟ್ಟು ಕೊಟ್ಟವರು ಯಾರು ಅಂತ ಅವನಿಗೆ ಗೊತ್ತು. ಕೇಳುವವನು ಮನೆಯ ಗಂಡಸೇ ಆದರೆ? ಆಗ ಆ ಹೆಂಗಸಿನ ಸುದ್ದಿಯನ್ನು ಬೇರೆಯೇ ರೀತಿಯಲ್ಲಿ ಬರೆಯಬೇಕು. ಫೋಟೊ ಬೇಡವೇ ಬೇಡ.

ಒಬ್ಬರೇ ಹೇಳಿದ ಸುದ್ದಿಯನ್ನು ಅದೇ ದಿನ ಹಾಕಬೇಡಿ. ಒಬ್ಬರ ದೂರಾದರೆ ಯಾರು ಅಂತ ಹುಡುಕುತ್ತಾರೆ. ಇನ್ನೂ ನಾಲ್ಕು ಮನೆಯಲ್ಲಿ ಚೀಲ ತೂಗಿಸಿ, ಒಂದು ವಾರ ಬಿಟ್ಟು ಹಾಕಿದರೆ ಅದು ಓಣಿಯ ದೂರಾಗುತ್ತದೆ. ಸುದ್ದಿಗೂ ತೂಕ ಜಾಸ್ತಿ.

ತೆಗೆಯುವಾಗಲೇ ಅರ್ಧ ಕೆಲಸ

ಕ್ಯಾಮೆರಾ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ. ಲೊಕೇಶನ್ ಟ್ಯಾಗ್ ಅಥವಾ ಸೇವ್ ಲೊಕೇಶನ್ ಅಂತ ಒಂದು ಸಾಲು ಇರುತ್ತದೆ. ಆಫ್ ಮಾಡಿ. ಒಮ್ಮೆ ಮಾಡಿದರೆ ಸಾಕು.

ಆಮೇಲೆ ಚೌಕಟ್ಟು. ಸುದ್ದಿ ಇರುವುದು ತಕ್ಕಡಿಯ ಅಂಕಿಯಲ್ಲಿ, ಅಜ್ಜಿಯ ಮುಖದಲ್ಲಿ ಅಲ್ಲ. ತಕ್ಕಡಿಯನ್ನೇ ಹತ್ತಿರದಿಂದ ತೆಗೆಯಿರಿ. ಚೀಲವನ್ನು ಮನೆ ಮುಂದೆ ಇಡಬೇಡಿ, ಬೇರೆ ಕಡೆ ಒಯ್ದು ಬರೀ ನೆಲದ ಮೇಲೆ ಇಡಿ. ಕೈ ಕಂಡರೆ ಬಳೆ, ಹಚ್ಚೆ ನೋಡಿಕೊಳ್ಳಿ. ನಮ್ಮ ಕಡೆ ಹಿರಿಯ ಹೆಂಗಸರ ಮುಂಗೈ ಮೇಲಿನ ಹಚ್ಚೆ ಅಂದರೆ ಹೆಸರು ಬರೆದ ಹಾಗೇ. ಹಿಂದಿನ ಗೋಡೆಯ ಬರಹ, ಶಾಲೆಯ ಬೋರ್ಡು, ಬೈಕಿನ ನಂಬರ್ ಪ್ಲೇಟು ಎಲ್ಲವನ್ನೂ ಒಮ್ಮೆ ಕಣ್ಣಾಡಿಸಿ.

ವಿಡಿಯೊದಲ್ಲಿ ದನಿ ಇನ್ನೂ ಕಷ್ಟ. ಮುಖ ಕತ್ತಲಲ್ಲಿ ಇಟ್ಟು ಮಾತು ಹಾಗೇ ಬಿಟ್ಟರೆ ಊರವರು ಮೊದಲ ವಾಕ್ಯಕ್ಕೇ ಹಿಡಿಯುತ್ತಾರೆ. ದನಿ ಬದಲಿಸುವ ಆ್ಯಪ್‌ಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಮಾತಿನ ಧಾಟಿ, ನಡುವೆ ಬರುವ "ಏನಪಾ ಅಂದ್ರ" ಅಲ್ಲೇ ಉಳಿಯುತ್ತದೆ. ಅವರು ಹೇಳಿದ್ದನ್ನು ಬರೆದುಕೊಂಡು ನಿಮ್ಮ ದನಿಯಲ್ಲಿ ಓದುವುದೇ ವಾಸಿ.

ಫೋಟೊದ ಹೊಟ್ಟೆಯೊಳಗೆ

ಪ್ರತಿ ಫೋಟೊದ ಜೊತೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ. ಯಾವ ಫೋನು, ಯಾವ ದಿನ, ಎಷ್ಟು ಗಂಟೆ, ಲೊಕೇಶನ್ ಆನ್ ಇದ್ದರೆ ಯಾವ ಜಾಗ. ಎಕ್ಸಿಫ್ ಅನ್ನುವುದು ಇದನ್ನೇ. ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೊ ತೆರೆದು ಮೇಲಕ್ಕೆ ಸರಿಸಿ ನೋಡಿ. ಜಾಗ ದಾಖಲಾಗಿದ್ದರೆ ನಕಾಶೆಯೇ ಕಾಣುತ್ತದೆ. 2012ರ ಡಿಸೆಂಬರ್‌ನಲ್ಲಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಪೊಲೀಸರಿಂದ ತಲೆಮರೆಸಿಕೊಂಡಿದ್ದಾಗ, ಪತ್ರಿಕೆಯೊಂದು ಅವರ ಜೊತೆ ತೆಗೆದ ಫೋಟೊ ಹಾಕಿತು. ಆ ಫೋಟೊದೊಳಗಿನ ಚೀಟಿಯಿಂದಲೇ ಅವರು ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೆ ತಿಳಿಯಿತು.

ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಈ ಚೀಟಿ ಹರಿದು ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಫೋಟೊ ಸ್ಪಷ್ಟವಾಗಿರಲಿ ಅಂತ ನಾವು ಡಾಕ್ಯುಮೆಂಟ್ ಮಾಡಿಯೇ ಕಳಿಸುತ್ತೇವೆ, ಅಲ್ವಾ? ಅಲ್ಲೇ ಎಡವುವುದು. ಸುಲಭದ ದಾರಿ ಅಂದರೆ ಫೋಟೊವನ್ನು ಪರದೆ ತುಂಬ ತೆರೆದು ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಕಳಿಸುವುದು.

ಮುಚ್ಚಿದರೆ ಪೂರ್ತಿ ಮುಚ್ಚಿ

ದಾಖಲೆಯ ಮೇಲೆ ಹೈಲೈಟರ್ ಪೆನ್ನಿನಿಂದ ನಾಲ್ಕು ಸಲ ಗೀಚಿ ಮುಚ್ಚಿತು ಅಂದುಕೊಳ್ಳುವವರು ತುಂಬ. ಆ ಬಣ್ಣ ಪಾರದರ್ಶಕ. ಫೋಟೊದ ಬೆಳಕು ಏರಿಸಿದರೆ ಅಂಕಿಗಳು ಎದ್ದು ಬರುತ್ತವೆ. ಮೊಸಾಯಿಕ್ ಮಸುಕು ಕೂಡ ಅಂಕಿಗಳಿಗೆ ಸಾಲದು. ಗಟ್ಟಿ ಕಪ್ಪು ಬಣ್ಣದ ಚೌಕ ಇಟ್ಟು, ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೂ ಕೆಳಗಿನ ಅಕ್ಷರ ಎಷ್ಟೋ ಸಲ ಕಾಪಿ ಆಗುತ್ತದೆ. ಹಾಗಾಗಿ ಪಿಡಿಎಫ್ ಹಾಕಲೇಬೇಡಿ, ಅದರ ಚಿತ್ರ ಹಾಕಿ. ನನಗೆ ಎಲ್ಲಕ್ಕಿಂತ ನಂಬಿಕೆ ಕಾಗದದ ತುಂಡಿನ ಮೇಲೆ. ಸಂಖ್ಯೆಯ ಮೇಲೆ ಕಾಗದ ಇಟ್ಟೇ ಫೋಟೊ ತೆಗೆದರೆ ಯಾವ ಜಾಣನೂ ಅದನ್ನು ಎತ್ತಿ ನೋಡಲಾರ.

ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು, ಜಾಬ್ ಕಾರ್ಡು ಯಾವುದೇ ಇರಲಿ, ಸಂಖ್ಯೆಯ ಜೊತೆ ಕ್ಯೂಆರ್ ಕೋಡನ್ನೂ ಮುಚ್ಚಿ. ಅಕ್ಷರ ಮುಚ್ಚಿ ಕೋಡು ಬಿಟ್ಟರೆ ಏನೂ ಮುಚ್ಚಿದ ಹಾಗಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆಧಾರ್ ಪ್ರಶ್ನಿಸಿ ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರದ ಮುಂದೆ ಅಷ್ಟು ದೂರ ಹೋಗಿ ಗೆದ್ದ ಹಕ್ಕನ್ನು ನಾವು ಒಂದು ಪೋಸ್ಟ್‌ನಲ್ಲಿ ಕಳೆಯಬಾರದು.

ಯೂಟ್ಯೂಬ್‌ಗೆ ಹಾಕುವ ವಿಡಿಯೊದಲ್ಲಿ ಮುಖ ಮಸುಕು ಮಾಡಲು ಯೂಟ್ಯೂಬ್ ಸ್ಟುಡಿಯೊದಲ್ಲೇ ಬ್ಲರ್ ಸೌಲಭ್ಯ ಇದೆ. ಕಂಪ್ಯೂಟರಿನಲ್ಲಿ ಮಾಡಬೇಕು. ಕೆಲಸ ಮುಗಿಯುವ ತನಕ ವಿಡಿಯೊ ಪ್ರೈವೇಟ್ ಆಗಿರಲಿ.

ಹಾಕುವ ಮುಂಚೆ ಕೊನೆಯ ಪರೀಕ್ಷೆ ಒಂದಿದೆ. ಸಿದ್ಧವಾದ ಚಿತ್ರವನ್ನು ಮೊದಲು ಅದರಲ್ಲಿ ಇರುವವರಿಗೇ ತೋರಿಸಿ, "ನಿಮ್ಮ ನೆರೆಯವರು ಇದನ್ನು ನೋಡಿದರೆ ನೀವು ಅಂತ ತಿಳಿಯುತ್ತದಾ?" ಅಂತ ಕೇಳಿ. ನಮಗೆ ಕಾಣದ್ದು ಅವರಿಗೆ ಕಾಣುತ್ತದೆ. ಒಬ್ಬ ರೈತರು ತಮ್ಮ ಫೋಟೊ ನೋಡಿ, ಮುಖ ಬಿಟ್ಟು, ಮೂಲೆಯಲ್ಲಿದ್ದ ಎತ್ತಿನ ಕೊಂಬಿನ ಬಣ್ಣ ತೋರಿಸಿದ್ದರು.

ಯಾವ ಜಾಗದಲ್ಲಿ, ಯಾರ ಹೆಸರಲ್ಲಿ

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಅಲ್ಲಿರುವ ಎಲ್ಲರಿಗೂ ನಿಮ್ಮ ನಂಬರು ಸಿಗುತ್ತದೆ. ವಾಟ್ಸಾಪ್ ಚಾನೆಲ್ ಹಾಗಲ್ಲ. ನಡೆಸುವವರ ನಂಬರು ನೋಡುವವರಿಗೆ ಕಾಣುವುದಿಲ್ಲ, ನೋಡುವವರ ನಂಬರೂ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಊರಿನ ಸುದ್ದಿಗೆ ಅದು ವಾಸಿ. ಫೇಸ್‌ಬುಕ್‌ನಲ್ಲಾದರೆ ಮನೆಮಂದಿಯ ಫೋಟೊ ಇರುವ ಸ್ವಂತ ಖಾತೆ ಬೇಡ, ಬೇರೆ ಪೇಜ್ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 6 ಅಂಕಿಯ ಪಿನ್ ಇಡಿ. ನಿಮ್ಮ ಖಾತೆ ಬೇರೆಯವರ ಕೈಗೆ ಹೋದರೆ ನಿಮ್ಮನ್ನು ನಂಬಿ ಮಾತಾಡಿದವರೆಲ್ಲರ ಮೆಸೇಜೂ ಅಪಾಯದಲ್ಲಿ.

ಬರೆಯುವವರು ಹೆಸರು ಹಾಕಬೇಕಾ? ಸಾಧ್ಯವಾದರೆ ಹಾಕಿ ಅನ್ನುತ್ತೇನೆ. ಹೆಸರಿದ್ದರೆ ಜನ ನಂಬುತ್ತಾರೆ, ತಪ್ಪಾದರೆ ತಿದ್ದಲೂ ಒಬ್ಬರಿರುತ್ತಾರೆ. ಮನೆ ವಿಳಾಸ, ನಂಬರು ಮಾತ್ರ ಬೇಡ. ಹೆಸರು ಮುಚ್ಚಿಟ್ಟರೂ ಪೂರ್ತಿ ಮರೆ ಅಂತ ಇಲ್ಲ. ಸಿಮ್ ನಿಮ್ಮ ಗುರುತಿನ ದಾಖಲೆ ಕೊಟ್ಟು ಪಡೆದದ್ದು. ಕಾನೂನಿನ ಪ್ರಕಾರ ಪೊಲೀಸರು ಕೇಳಿದರೆ ಕಂಪನಿ ವಿವರ ಕೊಡುತ್ತದೆ. ಜೀವಕ್ಕೇ ಅಪಾಯ ಇರುವ ಸುದ್ದಿಯನ್ನು ಒಬ್ಬರೇ ಹೊರಬೇಡಿ, ನಂಬಿಕೆಯ ಪತ್ರಕರ್ತರಿಗೆ ಕೊಡಿ.

ಮಾಹಿತಿ ಹಕ್ಕಿನ ಅರ್ಜಿ ಹಾಕುವವರಿಗೂ ಒಂದು ಮಾತು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ, ಕಾರಣ ಹೇಳಬೇಕಿಲ್ಲ. ಆದರೆ ಅರ್ಜಿಯಲ್ಲಿ ನಿಮ್ಮ ವಿಳಾಸ ಇರುತ್ತದೆ, ಅದು ನೇರ ಪಂಚಾಯ್ತಿ ಟೇಬಲ್ಲಿಗೇ ಹೋಗುತ್ತದೆ. ಅರ್ಜಿಯನ್ನು ಯಾವ ಊರಿನ ನಾಗರಿಕರು ಬೇಕಾದರೂ ಹಾಕಬಹುದು. ಸಿಂಧನೂರಿನ ಗೆಳೆಯರು ಮಾನ್ವಿಯ ಲೆಕ್ಕ ಕೇಳಲಿ, ನೀವು ಅವರದ್ದು ಕೇಳಿ. ಬಂದ ಉತ್ತರ ಹಾಕುವಾಗ ಮೇಲಿನ ವಿಳಾಸ ಮುಚ್ಚಿ.

ಒಂದು ಪದ ಜಾಸ್ತಿಯಾದರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. "ಗೇಟು ಹೋಗಿದೆ" ಅನ್ನುವುದಕ್ಕೂ "ಡ್ಯಾಮು ಒಡೆದಿದೆ" ಅನ್ನುವುದಕ್ಕೂ ಎಷ್ಟು ದೂರ ನೋಡಿ. ನಡುರಾತ್ರಿ ಕಂಪ್ಲಿ, ಸಿರುಗುಪ್ಪದ ಹೊಳೆದಂಡೆಯಲ್ಲಿ ಎಚ್ಚರಿರುವವರಿಗೆ ಮೊದಲನೆಯದು ಜಾಗ್ರತೆ, ಎರಡನೆಯದು ಮಕ್ಕಳನ್ನು ಹೊತ್ತು ಓಡುವುದು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಕೇಳಿದ್ದಾದರೆ ಕೇಳಿದ್ದು ಅಂತಲೇ ಬರೆಯಿರಿ. ದೂರು ಯಾರ ಮೇಲಿದೆಯೋ ಅವರನ್ನೂ ಒಂದು ಮಾತು ಕೇಳಿ. ಆದರೆ ಹೇಳಿದವರು ಯಾರು ಅನ್ನುವ ಸುಳಿವು ಆ ಪ್ರಶ್ನೆಯಲ್ಲಿ ಇರಬಾರದು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಗಾಳಿಮಾತಿಗೆ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಬಲಿಯಾದರು. ಭಾರತದಲ್ಲಿ ಫಾರ್ವರ್ಡ್ ಒಮ್ಮೆಗೆ 5 ಕಡೆಗೆ ಮಾತ್ರ ಅಂತ ವಾಟ್ಸಾಪ್ ಮಿತಿ ಹಾಕಿದ್ದು ಅದೇ ತಿಂಗಳು.

ಇವರ ಗುರುತು ಎಂದೂ ಬೇಡ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ, ವಿಳಾಸ, ಶಾಲೆ, ಮನೆಯವರ ವಿವರ ಯಾವುದನ್ನೂ ಹಾಕಬಾರದು. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಇದನ್ನು ತಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ 2 ವರ್ಷದವರೆಗೆ ಜೈಲು. ಬಾಲ್ಯವಿವಾಹ ತಡೆದ ಸುದ್ದಿಯಲ್ಲಿ ನಾವು ತಪ್ಪುವುದು ಜಾಸ್ತಿ. ಅಧಿಕಾರಿಗಳ ನಡುವೆ ತಲೆ ತಗ್ಗಿಸಿ ನಿಂತ ಹುಡುಗಿಯ ಫೋಟೊ ಎಷ್ಟು ಗ್ರೂಪಿನಲ್ಲಿ ಬಂದಿಲ್ಲ! ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅದೂ ಅಪರಾಧ. ಅವಳು ನಾಳೆ ಅದೇ ಶಾಲೆಗೆ ಹೋಗಬೇಕು.

ಸಾಕ್ಷಿಗಳೂ ಹಾಗೇ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ನಡೆದ ಜಾತಿ ದೌರ್ಜನ್ಯಕ್ಕೆ ಜಿಲ್ಲಾ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ. ಸಾಕ್ಷಿ ಹೇಳುವವರು ಅಷ್ಟು ದಿನ ಅದೇ ಬಾವಿ, ಅದೇ ದಾರಿಯಲ್ಲಿ ಓಡಾಡಬೇಕಾಗುತ್ತದೆ. ನಮ್ಮ ಪೋಸ್ಟಿನ ಆಯುಷ್ಯ ಎರಡು ದಿನ.

ಹಾಕಿದ ಮೇಲೆ

ಮೊದಲ ಎರಡು ಗಂಟೆ ಫೋನ್ ಬಿಟ್ಟು ಹೋಗಬೇಡಿ. ಗುರುತು ಬಯಲಾಗುವುದು ಜಾಸ್ತಿ ಕಾಮೆಂಟಿನಲ್ಲಿ. "ಇದು ನಮ್ಮ ದೊಡ್ಡಮ್ಮನ ಮನೆ ಅಲ್ವಾ?" ಅಂತ ಯಾರೋ ಪ್ರೀತಿಯಿಂದಲೇ ಬರೆಯುತ್ತಾರೆ. ತಕ್ಷಣ ತೆಗೆಯಿರಿ, ಬರೆದವರಿಗೆ ಫೋನ್ ಮಾಡಿ ಹೇಳಿ. ವಾಟ್ಸಾಪ್‌ನಲ್ಲಿ ತಪ್ಪಾಗಿ ಹೋದದ್ದನ್ನು ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡೂವರೆ ದಿನ ಅವಕಾಶ ಇದೆ. ಬೇರೆಯವರು ಉಳಿಸಿಕೊಂಡದ್ದು ಮಾತ್ರ ಹೋಗುವುದಿಲ್ಲ.

ಬೆದರಿಕೆ ಬಂದರೆ ಉತ್ತರ ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರು, ತಾರೀಖು ಕಾಣುವಂತಿರಲಿ. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ ದೂರು ಕೊಡಬಹುದು. ತುರ್ತಾದರೆ 112.

ಇನ್ನು ಮಸುಕು ಮಾಡದ ಮೂಲ ಫೋಟೊ. ತನಿಖೆಗೆ ಬೇಕಾಗುತ್ತದೆ, ಅಳಿಸಬೇಡಿ. ಆದರೆ ಗ್ಯಾಲರಿಯಲ್ಲಿ ಸುಮ್ನೆ ಬಿಡಬೇಡಿ. ಫೋನನ್ನು ಮಕ್ಕಳು ನೋಡುತ್ತಾರೆ, ರಿಪೇರಿ ಅಂಗಡಿಯವರು ನೋಡುತ್ತಾರೆ. ಗೂಗಲ್ ಫೋಟೋಸ್‌ನ ಲಾಕ್ಡ್ ಫೋಲ್ಡರ್‌ಗೆ ಹಾಕಿ. ಅಜ್ಜಿಯ ನೀಲಿ ಬಾಗಿಲಿನ ಫೋಟೊ ನನ್ನ ಹತ್ತಿರ ಹಾಗೆ ಏಳು ತಿಂಗಳು ಇತ್ತು. ದೂರು ಮುಗಿದ ದಿನ ಅವರ ಮನೆಗೆ ಹೋಗಿ, ಅವರ ಎದುರಿಗೇ ಅಳಿಸಿದೆ. ಬಾಗಿಲಿಗೆ ಆಗ ಹಸಿರು ಬಣ್ಣ ಬಳಿದಿದ್ದರು.