ಮೊದಲು ಅಂಗಾಲು ನೋಡಿ: ಚರ್ಮದ ಕ್ಯಾನ್ಸರ್ ಗುರುತಿಸುವುದು, ಚಿಕಿತ್ಸೆ ಪಡೆಯುವುದು

ಚರ್ಮದ ಕ್ಯಾನ್ಸರ್ ಬಿಳಿ ತೊಗಲಿನವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕಂದು ಮೈಯವರಲ್ಲಿ ಅದು ಕಡಿಮೆ, ನಿಜ. ಆದರೆ ಬಂದಾಗ ಬಿಸಿಲೇ ಕಾಣದ ಜಾಗದಲ್ಲೂ ಬರುತ್ತದೆ: ಅಂಗಾಲು, ಉಗುರಿನ ಅಡಿ, ಹಳೇ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುವವರಿರಲಿ, ಶಿರಸಿಯ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿರಲಿ, ಮುಖಕ್ಕಿಂತ ಮೊದಲು ಕಾಲು ನೋಡಿಕೊಳ್ಳಬೇಕು.

ತಿಂಗಳಿಗೊಮ್ಮೆ ಮಿಂದ ಮೇಲೆ ಜಗಲಿಯ ಹಗಲು ಬೆಳಕಿನಲ್ಲಿ ಕೂತು ಹಿಮ್ಮಡಿ, ಬೆರಳ ಸಂದು, ಉಗುರು ನೋಡಿ. ಬಗ್ಗಲಾಗದವರು ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೇ ಮನೆಯವರಿಗೆ ತೋರಿಸಲಿ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಕೈಬೆರಳು ಕಪ್ಪಾಗುವುದು ಮಾಮೂಲು. ಕೆಲಸ ನಿಂತ ಮೇಲೆ ಆ ಕರೆ ತಾನಾಗಿ ಬಿಡುತ್ತದೆ. ಬಿಡದೆ ಒಂದೇ ಕಡೆ ಉಳಿದ ಕಪ್ಪನ್ನು ಮಾತ್ರ ಅನುಮಾನಿಸಿ.

ಉಗುರಿನ ಉದ್ದಕ್ಕೆ ಕಪ್ಪು ಗೆರೆ ಹಲವು ಬೆರಳಲ್ಲಿದ್ದರೆ ಬಹುತೇಕ ಮೈಬಣ್ಣದ್ದೇ. ಒಂದೇ ಬೆರಳಲ್ಲಿ, ಅದರಲ್ಲೂ ಹೆಬ್ಬೆರಳಲ್ಲಿ, ಹೊಸದಾಗಿ ಮೂಡಿ 3 ಮಿ.ಮೀ.ಗಿಂತ ಅಗಲವಾದರೆ, ಬುಡದ ಕಡೆ ದಪ್ಪಗಿದ್ದರೆ, ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೂ ಹರಿದಿದ್ದರೆ ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಇರಬಹುದು, ತಡಮಾಡದೆ ತೋರಿಸಿ. ಇದ್ಯಾವುದೂ ಇಲ್ಲದೆ, ಕಲ್ಲು ಬಿದ್ದು ರಕ್ತ ಹೆಪ್ಪುಗಟ್ಟಿದ್ದೋ ಎಂಬ ಗೊಂದಲವಷ್ಟೇ ಇದ್ದರೆ ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ., ಕಾಲಿನದು ಅದರ ಅರ್ಧದಷ್ಟು ಬೆಳೆಯುತ್ತದೆ. ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆಗೇ ಮುಂದೆ ಸರಿದು ಬುಡ ತಿಳಿಯಾಗುತ್ತದೆ. ಸರಿಯದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಅವರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ನೋಡುತ್ತಾರೆ. ಅಂಗಾಲಿನ ಮಚ್ಚೆಯಾದರೆ ಬಣ್ಣ ಚರ್ಮದ ಗೆರೆಗಳ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ನಿರಪಾಯ, ಏಣಿನ ಮೇಲಿದ್ದರೆ ಅನುಮಾನ.

ಹಳೇ ಸುಟ್ಟ ಗಾಯದ ಕಲೆ, ಸಕ್ಕರೆ ಕಾಯಿಲೆಯ ಅಥವಾ ಕುಷ್ಠದಿಂದ ಸ್ಪರ್ಶ ಸತ್ತ ಕಾಲಿನ ಹುಣ್ಣು, ಇವುಗಳಲ್ಲಿ ಸ್ಕ್ವಾಮಸ್ ಕ್ಯಾನ್ಸರ್ (ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳದ್ದು) ಹುಟ್ಟಬಹುದು. ಸುಟ್ಟ ಕಲೆಯಲ್ಲಿ ಇದಕ್ಕೆ ದಶಕಗಳೇ ಹಿಡಿಯುವುದರಿಂದ ಮನೆಮಂದಿ ಎಂದೋ ಮರೆತಿರುತ್ತಾರೆ. ಅಂಚು ಎದ್ದು ಗಟ್ಟಿಯಾಗುವುದು, ಹೂಕೋಸಿನಂತೆ ಮಾಂಸ ಬೆಳೆಯುವುದು, ಕೆಟ್ಟ ವಾಸನೆ, ಮುಟ್ಟಿದರೆ ರಕ್ತ. ಇಷ್ಟಾದ ಮೇಲೂ ದಿನಾ ಡ್ರೆಸ್ಸಿಂಗ್ ಮಾಡಿಸುತ್ತ ಕೂರಬಾರದು.

ಮುಖದಲ್ಲಿ ಬರುವ ಬೇಸಲ್ ಸೆಲ್ ಕ್ಯಾನ್ಸರ್ (ಮೇಲ್ಪದರದ ತಳದ ಕೋಶಗಳದ್ದು) ಮಚ್ಚೆಯ ವೇಷದಲ್ಲೇ ಇರುತ್ತದೆ. ಮೂಗು, ಕೆಳರೆಪ್ಪೆಯ ಬಳಿ ಹೊಳೆಯುವ ಕಪ್ಪು ಗುಳ್ಳೆ, ನಡುವೆ ತಗ್ಗು, ಹಕ್ಕಳೆ ಬಿದ್ದು ಮತ್ತೆ ಕಟ್ಟುತ್ತದೆ. ದೂರಕ್ಕೆ ಹರಡುವುದು ಅಪರೂಪ, ಇದ್ದಲ್ಲೇ ಮೂಗು ರೆಪ್ಪೆಗಳನ್ನು ತಿನ್ನುತ್ತದೆ. ಬೋವೆನ್ ಕಾಯಿಲೆ ಕ್ಯಾನ್ಸರಿನ ಹೊಸ್ತಿಲು; ನೋಡಲು ಹುಳಕಡ್ಡಿಯಂತೆ ಕೆಂಪು-ಕಂದು ಹೊಟ್ಟಿನ ಪಟ್ಟೆ. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಮಿಶ್ರ ಟ್ಯೂಬು ಹಚ್ಚಿದರೆ ಕೊಂಚ ಮಂಕಾಗಿ ಮೋಸ ಮಾಡುತ್ತದೆ. ಸರಿಯಾದ ಔಷಧ 4ರಿಂದ 6 ವಾರ ಹಚ್ಚಿಯೂ ಹೋಗದ ಪಟ್ಟೆಗೆ ಬಯಾಪ್ಸಿಯೇ (ಚರ್ಮದ ತುಂಡು ತೆಗೆದು ಪರೀಕ್ಷಿಸುವುದು) ದಾರಿ. ಕೆಳತುಟಿ ಒಣಗಿ ಬಿರಿದು ಬಿಳಿಚಿಕೊಂಡೇ ಇದ್ದರೆ ವೈದ್ಯರಿಗೆ ತೋರಿಸಿ; ಕವಳ ಹಾಕುವವರು ಬಾಯಿಯ ಒಳಗೂ ತೋರಿಸಿಕೊಳ್ಳಲಿ.

ಮಚ್ಚೆ, ನರೋಲಿಗೆ ಸುಣ್ಣ, ಗೇರುಬೀಜದ ಸೊನೆ ಹಚ್ಚುವುದು, ಕೂದಲು ಬಿಗಿಯುವುದು ಬೇಡ. ಮೇಲಿನದು ಉದುರಿ ಬೇರು ಉಳಿಯುತ್ತದೆ. ಪರೀಕ್ಷೆಗೆ ಸಿಗಬೇಕಾದ ಭಾಗವೂ ಕೆಡುತ್ತದೆ. ಕತ್ತರಿ ತಾಗಿಸಿದರೆ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಬಯಾಪ್ಸಿ ಎಲ್ಲಿಂದ ತೆಗೆದರು ಎಂಬುದೇ ಎಲ್ಲ. ಹುಣ್ಣಿನ ನಡುವಿನ ಸತ್ತ ಮಾಂಸದಿಂದ, ಅಥವಾ ತೀರಾ ಮೇಲಿಂದ ತೆಗೆದರೆ ವರದಿ ‘ಕ್ಯಾನ್ಸರ್ ಇಲ್ಲ’ ಎಂದು ಬರಬಹುದು. ಎದ್ದ ಅಂಚಿನ ಎರಡು ಮೂರು ಕಡೆಯಿಂದ ಆಳವಾಗಿ ತೆಗೆಯಬೇಕು. ವರದಿ ಸರಿ ಇದ್ದು ಗಾಯ ಬೆಳೆಯುತ್ತಲೇ ಇದ್ದರೆ ಮತ್ತೆ ಮಾಡಿಸಿ. ತೋಟದಲ್ಲಿ ಮುಳ್ಳು ಚುಚ್ಚಿದಲ್ಲಿ ಬೆಳೆಯುವ ಕ್ರೋಮೋಬ್ಲಾಸ್ಟೋಮೈಕೋಸಿಸ್ ಎಂಬ ಶಿಲೀಂಧ್ರ ರೋಗವೂ ಹೀಗೇ ಕಾಣುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ಮೆಲನೋಮಾ ಅನುಮಾನವಿದ್ದರೆ ಕೆರೆಸುವುದು, ಲೇಸರ್‌ನಲ್ಲಿ ಸುಡಿಸುವುದು ಕೂಡದು. ಸಾಧ್ಯವಾದರೆ 1ರಿಂದ 3 ಮಿ.ಮೀ. ಅಂಚು ಸೇರಿಸಿ ಪೂರ್ತಿ ತೆಗೆಸಿ, ಏಕೆಂದರೆ ಮುಂದಿನ ಚಿಕಿತ್ಸೆ ಗಡ್ಡೆಯ ಆಳದ ಮೇಲೆ ನಿಂತಿದೆ. ತುಂಡನ್ನು ಲ್ಯಾಬಿಗೆ ಒಯ್ಯುವವರು ನೀವೇ ಆದರೆ ಬಾಟಲಿಯಲ್ಲಿ 10% ಫಾರ್ಮಲಿನ್ ಇದೆಯೇ, ಹೆಸರು ಮತ್ತು ಎಡ-ಬಲ ಬರೆದಿದ್ದಾರೆಯೇ ನೋಡಿ. ನೀರು, ಸಲೈನ್‌ನಲ್ಲಿಟ್ಟರೆ ತುಂಡು ಕೊಳೆಯುತ್ತದೆ.

ಬೋವೆನ್, ಬಿಸಿಲಿನ ಒರಟು ಪಟ್ಟೆಗಳಿಗೆ 5% ಫ್ಲೋರೋಯುರಾಸಿಲ್ ಮುಲಾಮು ಕೊಡುತ್ತಾರೆ, ದಿನಕ್ಕೆರಡು ಸಲ, ಕೆಲವು ವಾರ. ಎರಡನೇ ವಾರ ಜಾಗ ಕೆಂಪಾಗಿ ರಸಿಕೆ ಒಸರುತ್ತದೆ. ಔಷಧ ಕೆಲಸ ಮಾಡುವ ಬಗೆಯೇ ಅದು. ಜನ ಹೆದರಿ ಬಿಡುವುದೂ ಅಲ್ಲೇ. ತೀರಾ ಉರಿದರೆ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಗರ್ಭಿಣಿಯರು ಬಳಸುವಂತಿಲ್ಲ. ದ್ರವ ಸಾರಜನಕದ ಅತಿ ಚಳಿಯಿಂದ ಸುಡುವುದೂ ಉಂಟು, ನಮ್ಮ ಬಣ್ಣಕ್ಕೆ ಅದು ಬಿಳಿ ಕಲೆ ಉಳಿಸುತ್ತದೆ. ಉಳಿದದ್ದಕ್ಕೆಲ್ಲ ಮುಖ್ಯವಾಗಿ ಶಸ್ತ್ರಚಿಕಿತ್ಸೆ: ಅಪಾಯ ಕಡಿಮೆಯ ಬೇಸಲ್ ಸೆಲ್‌ಗೆ ಸುತ್ತ 4 ಮಿ.ಮೀ., ಸ್ಕ್ವಾಮಸ್‌ಗೆ 4ರಿಂದ 6 ಮಿ.ಮೀ., ಮೆಲನೋಮಾಗೆ ಆಳ ನೋಡಿ 1ರಿಂದ 2 ಸೆಂ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ವರದಿಯಲ್ಲಿ ‘ಅಂಚು ಸ್ವಚ್ಛ’ (ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ) ಎಂದಿದೆಯೇ ಕೇಳಿ. ಇಲ್ಲದಿದ್ದರೆ ಕೆಲಸ ಮುಗಿದಿಲ್ಲ.

ಉತ್ತರ ಕನ್ನಡದವರು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಶುರುಮಾಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಹುಬ್ಬಳ್ಳಿ, ಮಣಿಪಾಲಕ್ಕೆ ಹೊರಡುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ವರದಿಯ ಜೊತೆಗೆ ಲ್ಯಾಬಿನಿಂದ ಸ್ಲೈಡ್ (ತುಂಡಿನ ಪದರ ಅಂಟಿಸಿದ ಗಾಜು), ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಂಡು) ಕೂಡ ಕೇಳಿ ತೆಗೆದುಕೊಳ್ಳಿ. ಅವಿದ್ದರೆ ಅಲ್ಲಿಯ ವೈದ್ಯರು ಮತ್ತೆ ಕೊಯ್ಯದೆ ಅದೇ ತುಂಡನ್ನು ಮರುಪರೀಕ್ಷೆ ಮಾಡಬಹುದು. ಸ್ಕ್ವಾಮಸ್ ಆಗಿದ್ದರೆ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಹೋಗಲೇಬೇಕು. ನಡುವೆ ತೊಡೆಸಂದು, ಕಂಕುಳು, ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ ತಾರೀಖಿಗೆ ಕಾಯಬೇಡಿ.