ಎಫ್‌ಐಆರ್ ಬಂದಾಗ ನಾನು ಮೊದಲು ತೆರೆಯುವ ಪುಟ

ನಾನು ವಕೀಲನಲ್ಲ, ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕ. ಜನ ಎಫ್‌ಐಆರ್ ಫೋಟೋ ವಾಟ್ಸಾಪ್‌ ಮಾಡಿ ಕೇಳುವುದು ಹೆಚ್ಚಾಗಿ ಒಂದೇ: "ಅಣ್ಣಾ, ಒಳಗೆ ಹಾಕ್ತಾರಾ?"

ಕಲಂ ನೋಡುವ ಮೊದಲು ಘಟನೆ ನಡೆದ ತಾರೀಖು ನೋಡುತ್ತೇನೆ. ದೂರು ಕೊಟ್ಟ ದಿನ ಅಲ್ಲ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಗೆ ಹಳೇ ದಂಡ ಸಂಹಿತೆ ಐಪಿಸಿ, ಆಮೇಲಿನದಕ್ಕೆ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ. ಮೋಸದ ಹಳೇ 420 ಈಗ 318(4), ಕೊಲೆಯ ಹಳೇ 302 ಈಗ 103. ಹೀಗೆ ಹೊಂದಿಸಿ ನೋಡಲು ಎನ್‌ಸಿಆರ್‌ಬಿಯ (ಕೇಂದ್ರದ ಅಪರಾಧ ದಾಖಲೆ ಬ್ಯೂರೊ) ಉಚಿತ ಸಂಕಲನ್ ಆ್ಯಪ್ ಸಾಕು. ಇಂಡಿಯನ್ ಕಾನೂನ್ ವೆಬ್‌ಸೈಟ್‌ನಲ್ಲಿ ತೀರ್ಪು ಹುಡುಕುವಾಗ ಮಾತ್ರ ಹುಷಾರಾಗಿರಬೇಕು. ತನಿಖೆ, ಬಂಧನ, ವಿಚಾರಣೆ ಹೇಗೆ ಅಂತ ಹೇಳುತ್ತಿದ್ದ ಹಳೇ ಕಾಯ್ದೆ ಸಿಆರ್‌ಪಿಸಿಯ 482 ಅಂದರೆ ಕೇಸ್ ರದ್ದು ಮಾಡಿ ಅಂತ ಹೈಕೋರ್ಟ್‌ಗೆ ಹೋಗುವುದು. ಅದರ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 482 ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನು!

ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ ನಾಗರಿಕ ಸುರಕ್ಷಾ ಸಂಹಿತೆಯ ಮೊದಲನೇ ಅನುಸೂಚಿ. ಇಂಡಿಯಾ ಕೋಡ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಕಾಯ್ದೆಯ ಕೊನೆಯಲ್ಲಿರುವುದರಿಂದ ಯಾರೂ ಅಲ್ಲಿವರೆಗೆ ಹೋಗುವುದಿಲ್ಲ. ನ್ಯಾಯ ಸಂಹಿತೆಯ ಪ್ರತಿ ಕಲಂಗೆ ಶಿಕ್ಷೆ ಎಷ್ಟು, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾ, ಜಾಮೀನು ಹಕ್ಕಾ, ಯಾವ ಕೋರ್ಟ್ ವಿಚಾರಣೆ ಮಾಡುತ್ತದೆ, ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ.

ನಮ್ಮ ಕಡೆ ಮಾಮೂಲಿ ಬದುವಿನ ಜಗಳವನ್ನೇ ತಗೊಳ್ಳಿ. ಕೈಯಲ್ಲಿ ಹೊಡೆದು ಸಣ್ಣಪುಟ್ಟ ಗಾಯವಾದರೆ ನ್ಯಾಯ ಸಂಹಿತೆಯ 115(2). ಅದಷ್ಟೇ ಇದ್ದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಜಾಮೀನೂ ಹಕ್ಕು. ಅದೇ ಜಗಳದಲ್ಲಿ ಮಚ್ಚು ಬೀಸಿ ಗಾಯ ಮಾಡಿದ್ದರೆ 118(1), ಇದು ಜಾಮೀನುರಹಿತ. ಹಾಗಂದ್ರೆ ಜಾಮೀನು ಸಿಗುವುದೇ ಇಲ್ಲ ಅಂತಲ್ಲ, ಕೋರ್ಟ್‌ನಲ್ಲಿ ಕೇಳಬೇಕು ಅಷ್ಟೆ. ಈ ಮಾತನ್ನು ಬಿಡಿಸಿ ಹೇಳಿದರೆ ಮನೆಯವರ ಅರ್ಧ ಗಾಬರಿ ಇಳಿಯುತ್ತದೆ. ಎರಡು ಕಲಂಗಳೂ ಒಂದೇ ಎಫ್‌ಐಆರ್‌ನಲ್ಲಿ ಇದ್ದರೆ ಇಡೀ ಕೇಸನ್ನೇ ಪೊಲೀಸರು ನೇರವಾಗಿ ತನಿಖೆ ಮಾಡಬಹುದು.

ಇನ್ನು "ಒಳಗೆ ಹಾಕ್ತಾರಾ" ಅನ್ನುವ ಪ್ರಶ್ನೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸುವಂತಿಲ್ಲ. ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು. ಬೇಡವಾದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್, ಅಂದರೆ ವಿಚಾರಣೆಗೆ ಬನ್ನಿ ಅನ್ನುವ ನೋಟಿಸ್ ಕೊಡುತ್ತಾರೆ. ನೋಟಿಸ್ ಬಂದರೆ ತಪ್ಪಿಸಿಕೊಂಡು ಓಡಾಡಬೇಡಿ, ಹೋಗಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಹೋಗದಿದ್ದರೆ ಬಂಧನಕ್ಕೆ ನಾವೇ ಕಾರಣ ಕೊಟ್ಟಂಗೆ ಅಲ್ವಾ?

ಅಚ್ಚಾದದ್ದೆಲ್ಲ ಜಾರಿಯಲ್ಲಿದೆ ಅಂತಲೂ ಅಂದುಕೊಳ್ಳುವ ಹಾಗಿಲ್ಲ. ಅಪಘಾತದಲ್ಲಿ ಸಾವಿಗೆ ಕಾರಣವಾಗಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುವ 106(2) ನ್ಯಾಯ ಸಂಹಿತೆಯಲ್ಲಿ ಇದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು ಅದಕ್ಕೇ. ಜುಲೈ 1ರಂದು ಉಳಿದ ಕಲಂಗಳು ಜಾರಿಗೆ ಬಂದರೂ ಅದು ಬರಲಿಲ್ಲ. ಅದಕ್ಕೇ ಯಾವ ಕಲಂ ಯಾವಾಗ ಜಾರಿ ಅಂತ ಹೇಳುವ ಸರ್ಕಾರದ ಅಧಿಸೂಚನೆಯನ್ನೂ ಒಮ್ಮೆ ನೋಡುತ್ತೇನೆ.

ಚಾರ್ಜ್‌ಶೀಟ್ ಆದಮೇಲೆ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಕೋರ್ಟ್ ನಂಬರ್) ಹಾಕಿ ಕೋರ್ಟ್‌ಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಮುಂದಿನ ತಾರೀಖು ನೋಡುವುದನ್ನು ಅವರಿಗೇ ಕಲಿಸುತ್ತೇನೆ. ಜಾಮೀನು ಅರ್ಜಿ ಬರೆಯುವುದು ನನ್ನ ಕೆಲಸವಲ್ಲ. ಅದಕ್ಕೆ ಸಮಿತಿಯ ಪ್ಯಾನಲ್ ವಕೀಲರಿದ್ದಾರೆ. ದೂರದೂರಿನವರಾದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅನ್ನುತ್ತೇನೆ.